ಸಾಣೇಹಳ್ಳಿಯ ನಾಟಕೋತ್ಸವ ಮತ್ತು ಶಿವಸಂಚಾರದ ಕಲಾವಿದರು

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಶ್ರೀಮಠದಲ್ಲಿ ಪ್ರತಿವರ್ಷ ನವೆಂಬರ್ ಆರಂಭದಲ್ಲಿ ನಾಟಕೋತ್ಸವ ನೆರವೇರುತ್ತದೆ. ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1997ರಲ್ಲಿ ಆರಂಭಿಸಿದ ಶಿವಸಂಚಾರ ರೆಪರ್ಟರಿಯ ಕಲಾವಿದರು ತಾವು ಅಭ್ಯಾಸ ಮಾಡಿದ ಮೂರು ನಾಟಕಗಳನ್ನು ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ಪ್ರದರ್ಶಿಸುತ್ತಾರೆ. ಬಳಿಕ ಅವೇ ನಾಟಕಗಳೊಂದಿಗೆ ತಿಂಗಳುಗಟ್ಟಲೆ ನಾಡಿನಲ್ಲಿ ಸಂಚರಿಸುತ್ತಾರೆ. ಹೋದ ಊರಿನಲ್ಲಿ ರಂಗಸಜ್ಜಿಕೆ ಕಟ್ಟಿ, ಬಣ್ಣ ಹಚ್ಚಿ ಅಭಿನಯಿಸಿ, ಎಲ್ಲವನ್ನೂ ಬಿಚ್ಚಿಕೊಂಡು ಮುಂದಿನೂರಿಗೆ ಸಾಗುವುದೇ ಅವರ ಕಾಯಕ.

ರಂಗಮಂದಿರವಿಲ್ಲದ ಹಳ್ಳಿಗೂ ನಾಟಕ ತಲುಪಬೇಕಾದರೆ ಆ ಊರಿನವರು ಕರೆಯಬೇಕು, ಬಂದು ಕುಳಿತು ನೋಡಬೇಕು. ನೋಡುವವರಿಲ್ಲದ ರಂಗದಲ್ಲಿ ಶರಣರ ವಿಚಾರವೂ ಮೌನವಾಗುತ್ತದೆ. ಆದ್ದರಿಂದ ನಾವೆಲ್ಲರೂ ಉತ್ಸವಕ್ಕೆ ಸಕುಟುಂಬ ಆಗಮಿಸೋಣ. ಕಲಾವಿದರು ನಮ್ಮೂರಿಗೆ ಬಂದಾಗ ಅವರ ಪ್ರಸಾದ, ವಸತಿಯ ಹೊಣೆ ಹೊರೋಣ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ.