ಐ.ಎನ್.ಎಸ್. ಮೈಸೂರು ಮತ್ತು ಅಂಜದೀವದ ಕಾರ್ಯಾಚರಣೆ

1799ರ ಅನಂತರದ ಮೈಸೂರು ಸಂಸ್ಥಾನಕ್ಕೆ ಕಡಲತೀರವಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ಜಿಲ್ಲೆಗಳ ಕರಾವಳಿಯು ಮೈಸೂರು ರಾಜ್ಯವನ್ನು ಸೇರಿತು. ಮರುವರ್ಷವೇ, 1957ರ ಆಗಸ್ಟ್ 29ರಂದು, ಅದೇ ಹೆಸರಿನ ಯುದ್ಧನೌಕೆಯೊಂದು ಭಾರತೀಯ ನೌಕಾಪಡೆಗೆ ಸೇರ್ಪಡೆಯಾಯಿತು. ಗಂಡಭೇರುಂಡವೇ ಅದರ ಲಾಂಛನ. ಬಿ.ಜಿ. ಕೆರೆಯಂತಹ ಒಳನಾಡಿನ ಊರುಗಳ ವಿದ್ಯಾರ್ಥಿಗೆ ನೌಕಾ ಇತಿಹಾಸವು ದೂರದ ವಿಷಯವೆಂದು ತೋರಬಹುದು. ಆದರೆ ಈ ಹಡಗು ಕಾರವಾರದ ಕಣ್ಣಳತೆಯಲ್ಲಿಯೇ ಕದನಕ್ಕಿಳಿಯಿತು. ಅಲ್ಲಿ ಫಿರಂಗಿಗಳಿಂದ ಆದುದೆಷ್ಟು, ಮನುಷ್ಯರಿಂದ ಆದುದೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಕ್ರೂಸರು ಮೊದಲು ಬ್ರಿಟಿಷರ 'ನೈಜೀರಿಯಾ' ಆಗಿತ್ತು. 1939ರಲ್ಲಿ ನೀರಿಗಿಳಿದ ಇದು ಎರಡನೆಯ ಮಹಾಯುದ್ಧದಲ್ಲಿ ಸೆಣಸಿತು. 1942ರ ಆಗಸ್ಟ್ 12ರಂದು, ಮಾಲ್ಟಾಕ್ಕೆ ಹೊರಟಿದ್ದ ಸರಕುಹಡಗುಗಳಿಗೆ ಬೆಂಗಾವಲಾಗಿದ್ದಾಗ, ಇಟಲಿಯ 'ಆಕ್ಸಮ್' ಜಲಾಂತರ್ಗಾಮಿಯ ಟಾರ್ಪೀಡೊ ತಗುಲಿ 52 ಮಂದಿ ಮಡಿದರು. ಆದರೂ ಹಡಗು ಜಿಬ್ರಾಲ್ಟರನ್ನು ಮುಟ್ಟಿತು. 1954ರಲ್ಲಿ ಭಾರತವು ಅದನ್ನು ಕೊಂಡು ಬರ್ಕನ್‌ಹೆಡ್‌ನಲ್ಲಿ ನವೀಕರಿಸಿತು. ಮೂರು ಗೋಪುರಗಳಲ್ಲಿ ಆರಂಗುಲದ ಒಂಬತ್ತು ಫಿರಂಗಿಗಳಿದ್ದುವು. ಒಂದೊಂದು ಗುಂಡಿನ ತೂಕ 112 ಪೌಂಡು. ಗುರಿಯಿಡುವವರಿಗೆ ಕೆಳಗಿನ ಮದ್ದಿನ ಕೋಣೆಯಿಂದ ಗುಂಡುಗಳನ್ನು ಏರಿಸಿ ಕಳುಹಿಸುವವರೂ, ಬಾಯ್ಲರಿನ ಬೇಗೆಯಲ್ಲಿ ಉಗಿಯನ್ನು ಕಾಯುವವರೂ ಬೇರೆಯೇ ಇದ್ದರು. ನೀರು ಹೊಗದಂತೆ ಬಾಗಿಲುಗಳು ಮುಚ್ಚಿಕೊಂಡ ಮೇಲೆ ಒಳಗಿನವರು ಶತ್ರುವನ್ನು ಕಾಣದೆಯೇ ಹೋರಾಡಬೇಕಾಗಿತ್ತು.

ಕಾರವಾರದೆದುರಿನ ಅಂಜದೀವದಲ್ಲಿ ಪೋರ್ಚುಗೀಸರು 1505ರಲ್ಲಿಯೇ ಕೋಟೆಯನ್ನು ಕಟ್ಟಲು ತೊಡಗಿದ್ದರು. 1961ರ ನವೆಂಬರಿನಲ್ಲಿ ಈ ದ್ವೀಪದಿಂದ 'ಸಬರಮತಿ' ಎಂಬ ಪ್ರಯಾಣಿಕ ಹಡಗಿನ ಮೇಲೂ ಮೀನುಗಾರರ ದೋಣಿಗಳ ಮೇಲೂ ಗುಂಡು ಹಾರಿತು. ಗೋವೆಯ ವಿಮೋಚನಾ ಕಾರ್ಯಾಚರಣೆ ಆರಂಭವಾದ ಡಿಸೆಂಬರ್ 18ರ ಬೆಳಗ್ಗೆ 'ಮೈಸೂರು' ಮತ್ತು 'ತ್ರಿಶೂಲ' ಹಡಗುಗಳು ದ್ವೀಪವನ್ನು ಸಮೀಪಿಸಿದುವು. ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರ ನೇತೃತ್ವದ ನಾವಿಕರ ಮೊದಲ ತಂಡವು ದಡವನ್ನು ಸೇರಿತು. ದ್ವೀಪದಲ್ಲಿ ಬಿಳಿಯ ಬಾವುಟ ಕಂಡಿತ್ತೆಂದು ಭಾರತೀಯ ವರದಿಗಳು ಹೇಳುತ್ತವೆ. ಆದರೆ ಎರಡನೆಯ ತಂಡದ ದೋಣಿಗಳು ಮುಂದುವರಿದಾಗ ಗುಂಡಿನ ಸುರಿಮಳೆಯಾಯಿತು. ತೆರೆದ ದೋಣಿಯಲ್ಲಿದ್ದವರಿಗೆ ಮರೆಯೆಲ್ಲಿಯದು? ಹಡಗುಗಳ ಫಿರಂಗಿಗಳು ಉತ್ತರ ಕೊಟ್ಟರೂ ಪ್ರತಿರೋಧವು ಒಮ್ಮೆಗೇ ಅಡಗಲಿಲ್ಲ. ಮರುದಿನವಷ್ಟೇ ದ್ವೀಪವು ಪೂರ್ಣವಾಗಿ ವಶವಾಯಿತು. ಏಳು ಮಂದಿ ನಾವಿಕರು ಪ್ರಾಣ ತೆತ್ತಿದ್ದರು.

ಇದರಿಂದ ಸ್ಪಷ್ಟವಾಗುವ ಅಂಶವೊಂದುಂಟು. ಎಂಟು ಸಾವಿರ ಟನ್ನಿನ ಕ್ರೂಸರು ಪುಟ್ಟ ದ್ವೀಪವೊಂದನ್ನು ನಡುಗಿಸಬಲ್ಲುದೇ ಹೊರತು ಅದನ್ನು ತಾನೇ ಹಿಡಿಯಲಾರದು. ಆ ಕೆಲಸ ದೋಣಿಯಿಂದಿಳಿದು ಕಲ್ಲುದಂಡೆಯನ್ನೇರಿದವರದು. 'ಮೈಸೂರು' 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿದ್ದು, 1985ರಲ್ಲಿ ನಿವೃತ್ತವಾಯಿತು. 1999ರಲ್ಲಿ ಆ ಹೆಸರು ಹೊಸ ಡೆಸ್ಟ್ರಾಯರಿಗೆ ಸಂದಿತು. ಅಂಜದೀವವು ಇಂದು ಆಡಳಿತದಲ್ಲಿ ಗೋವೆಗೆ ಸೇರಿದೆ. ಹಾಗೆಂದು ಅಲ್ಲಿ ಮಡಿದ ಏಳು ಮಂದಿಯನ್ನು ನಮ್ಮ ಕರಾವಳಿಯ ಇತಿಹಾಸದಿಂದ ಹೊರಗಿಡುವುದು ನ್ಯಾಯವಲ್ಲ. ಹಡಗಿನ ಹೆಸರಿನೊಡನೆ ಅವರ ನೆನಪೂ ನಮ್ಮ ಪಠ್ಯಗಳಲ್ಲಿ ಉಳಿಯತಕ್ಕದ್ದು.