ಸೀರೀಸ್‌ನ ಜೈಲು, ನಮ್ಮ ಚಂದ್ರಿಯ ಜೈಲು

1/5

‘ಹಿಸ್ಟರಿ ಪೇಜಲ್ಲಿ ವೆಬ್ ಸೀರೀಸ್ ಯಾಕೆ?’ ಅಂತ ಕಮೆಂಟ್ ಹಾಕೋಕೆ ಮುಂಚೆ ಸ್ವಲ್ಪ ತಾಳಿ. ಎಕ್ಸಾಮ್ ಮುಗೀತು, ಏನಾದ್ರೂ ಒಳ್ಳೇದು ಹೇಳು ಅಂತ ಕೇಳಿದವರು ನೀವೇ. ನನ್ನ ಉತ್ತರ ‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’. 2013ರಿಂದ 2019ರವರೆಗೆ ಏಳು ಸೀಸನ್, ಪೂರ್ತಿ ಒಂದು ಹೆಂಗಸರ ಜೈಲಿನ ಕಥೆ. ಕೆಜಿಎಫ್‌ನಿಂದ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಓಡಾಡೋರಿಗೆ ಹೋಗ್ತಾ ಒಂದು ಎಪಿಸೋಡು, ಬರ್ತಾ ಒಂದು ಎಪಿಸೋಡು, ಸರಿಯಾದ ಅಳತೆ. (ಮನೆಯವರ ಮುಂದೆ ಕೂತು ನೋಡೋ ಸೀರೀಸ್ ಅಲ್ಲ, ಮೊದಲೇ ಹೇಳ್ಬಿಟ್ಟಿದ್ದೀನಿ. ಇಯರ್‌ಫೋನ್ ಇರಲಿ.)

ಕಥೆ ಶುರುವಾಗೋದು ಪೈಪರ್ ಅನ್ನೋ ಅನುಕೂಲಸ್ಥರ ಮನೆ ಹುಡುಗಿಯಿಂದ. ಎಷ್ಟೋ ವರ್ಷ ಹಿಂದೆ ಮಾಡಿದ ತಪ್ಪಿಗೆ ಜೈಲಿಗೆ ಬರ್ತಾಳೆ. ಬಂದ ಹೊಸದರಲ್ಲೇ ಊಟ ಚೆನ್ನಾಗಿಲ್ಲ ಅಂತಾಳೆ, ಅದೂ ಅಡುಗೆಮನೆ ಆಳೋ ರೆಡ್ ಎದುರಿಗೇ. ಅಷ್ಟೇ, ಮಾರನೇ ದಿನದಿಂದ ಅವಳ ತಟ್ಟೆಗೆ ಅನ್ನ ಬೀಳಲ್ಲ. ನಗು ಬರುತ್ತೆ, ಭಯಾನೂ ಆಗುತ್ತೆ. ಆಮೇಲೆ ನಿಧಾನಕ್ಕೆ ಪೈಪರ್ ಹಿಂದೆ ಸರೀತಾಳೆ. ಟೇಸ್ಟಿ, ಸೂಝಾನ್, ಪೂಸೇ ಮುಂದೆ ಬರ್ತಾರೆ. ಒಬ್ಬೊಬ್ಬಳೂ ಜೈಲಿಗೆ ಬರೋಕೆ ಮುಂಚೆ ಯಾರಾಗಿದ್ದಳು ಅಂತ ಒಂದೊಂದು ಎಪಿಸೋಡಲ್ಲಿ ತೋರಿಸ್ತಾರೆ. ಹತ್ತು ಎಪಿಸೋಡ್ ಆದಮೇಲೆ ನಿಮಗೆ ‘ಕೈದಿಗಳು’ ಕಾಣಲ್ಲ, ಹೆಸರಿರೋ ಹೆಂಗಸರು ಕಾಣ್ತಾರೆ. ನನಗೆ ಈ ಸೀರೀಸ್ ಹಿಡಿಸಿದ್ದು ಅದಕ್ಕೇ.

2/5

ಆದ್ರೆ ನಾವು ಕೆಜಿಎಫ್‌ನವರು. ತೆರೆ ಮೇಲೆ ಕಂಡದ್ದನ್ನ ಸುಮ್ಮನೆ ನಂಬೋ ಹಾಗಿಲ್ಲ. 2018ರಲ್ಲಿ ನಮ್ಮೂರಿನ ಹೆಸರಿಟ್ಟುಕೊಂಡು ಒಂದು ಸಿನಿಮಾ ಬಂತು, ನಮ್ಮ ಸೈನೈಡ್ ದಿಬ್ಬದ ಮೇಲೇ ಶೂಟಿಂಗ್ ಆಯ್ತು. ಅದರಲ್ಲಿ ಗಣಿ ಅಂದ್ರೆ ಒಂದು ದೊಡ್ಡ ಜೈಲು, ಕೆಲಸದವರೆಲ್ಲ ಜೀತದಾಳುಗಳು. ನಾನೂ ಸೀಟಿ ಹೊಡೆದೇ ನೋಡಿದೆ, ಸುಳ್ಳು ಹೇಳಲ್ಲ. ಆದ್ರೆ ನಿಜವಾದ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು. ಬೆರಳಚ್ಚು ಕೊಡಲ್ಲ, ನಾವೇನು ಕಳ್ಳರಾ ಅಂತ 1930ರಲ್ಲಿ ಕಾರ್ಮಿಕರು ಸ್ಟ್ರೈಕ್ ಮಾಡಿದ್ರು. ಅದು ಯಾವ ಸಿನಿಮಾದಲ್ಲಿ ಇದೆ ಹೇಳಿ?

ಅದಕ್ಕೇ ಜೈಲಿನ ಸೀರೀಸ್ ನೋಡ್ತಾ ನೋಡ್ತಾ ನನಗೊಂದು ಪ್ರಶ್ನೆ ಹುಟ್ಟಿತು. ನಮ್ಮ ಕಡೆ ಹೆಂಗಸರ ಜೈಲಿನ ಒಳಗೆ ಏನಾಗ್ತಿತ್ತು, ಅದನ್ನ ಒಳಗಿದ್ದವರೇ ಯಾರಾದ್ರೂ ಬರೆದಿಟ್ಟಿದ್ದಾರಾ?

3/5

ಬರೆದಿದ್ದಾರೆ. ಅದಕ್ಕೆ ಮುಂಚೆ ಒಂದು ಚಿಕ್ಕ ಸುತ್ತು.

ಹೆಂಗಸರ ಜೈಲನ್ನ ಟಿವಿ ಧಾರಾವಾಹಿ ಮಾಡೋದು ನೆಟ್‌ಫ್ಲಿಕ್ಸ್ ಕಂಡುಹಿಡಿದದ್ದಲ್ಲ. ಬ್ರಿಟನ್‌ನಲ್ಲಿ 1974ರಿಂದ 1978ರವರೆಗೆ ‘ವಿದಿನ್ ದೀಸ್ ವಾಲ್ಸ್’ ಅಂತ ಒಂದು ಬರ್ತಿತ್ತು. ಅದರಲ್ಲಿ ಮುಖ್ಯ ಪಾತ್ರ ಜೈಲು ನಡೆಸೋ ಮೇಡಂ. ಆಸ್ಟ್ರೇಲಿಯಾದವರು 1979ರಲ್ಲಿ ‘ಪ್ರಿಸನರ್’ ಶುರು ಮಾಡಿ ಕ್ಯಾಮೆರಾನ ಕೈದಿಗಳ ಕಡೆ ತಿರುಗಿಸಿದ್ರು. ಅದು 1986ರವರೆಗೆ 692 ಎಪಿಸೋಡ್ ಓಡಿತು. ನಮ್ಮ ಅಜ್ಜಿಯರ ಮೆಗಾ ಸೀರಿಯಲ್‌ಗಳಿಗೇನೂ ಕಡಿಮೆ ಇಲ್ಲ.

ಈಗ ‘ವಿದಿನ್ ದೀಸ್ ವಾಲ್ಸ್’ನ ವರ್ಷಗಳನ್ನ ಇನ್ನೊಂದು ಸಲ ನೋಡಿ. 1974ರಿಂದ 1978. ಲಂಡನ್‌ನಲ್ಲಿ ಜನ ಸೋಫಾ ಮೇಲೆ ಕೂತು ಹೆಂಗಸರ ಜೈಲಿನ ನಾಟಕ ನೋಡ್ತಿದ್ದ ಅದೇ ಕಾಲದಲ್ಲಿ, 1976ರ ಮೇ 2ರಂದು, ಬೆಂಗಳೂರಿನಲ್ಲಿ ಒಬ್ಬ ನಟಿಯನ್ನ ಬಂಧಿಸಿದರು.

4/5

ಅವರ ಹೆಸರು ಸ್ನೇಹಲತಾ ರೆಡ್ಡಿ.

‘ಸಂಸ್ಕಾರ’ ಸಿನಿಮಾ ನೋಡಿದ್ರೆ ನಿಮಗೆ ಅವರು ಗೊತ್ತು. ಚಂದ್ರಿ ಪಾತ್ರ ಮಾಡಿದವರು ಅವರೇ. ಅನಂತಮೂರ್ತಿ ಅವರ ಕಾದಂಬರಿ, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್. 1970ರ ಈ ಸಿನಿಮಾ ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದುಕೊಟ್ಟಿತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ಅವರ ಗಂಡ, ಮೂಲತಃ ತೆಲುಗು ಕವಿ. ಮನೇಲಿ ತಮಿಳು, ಅಂಗಡೀಲಿ ತೆಲುಗು, ಕ್ಲಾಸಲ್ಲಿ ಕನ್ನಡ ಮಾತಾಡೋ ನಮಗೆ ಇದೇನೂ ವಿಚಿತ್ರ ಅನ್ನಿಸಬಾರದು.

ಆ ದಂಪತಿ ಲೋಹಿಯಾ ವಿಚಾರದವರು, ಜಾರ್ಜ್ ಫರ್ನಾಂಡಿಸ್ ಅವರ ಗೆಳೆಯರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಮೇಲೆ ಜಾರ್ಜ್ ಭೂಗತರಾದ್ರು, ಪೊಲೀಸರು ಅವರನ್ನ ಹುಡುಕ್ತಿದ್ರು. ಸ್ನೇಹಲತಾ ಅವರ ಹೆಸರನ್ನ ಬರೋಡಾ ಡೈನಮೈಟ್ ಪ್ರಕರಣದ ಜೊತೆ ಸೇರಿಸಿದರು. ಕೊನೆಗೆ ಚಾರ್ಜ್‌ಶೀಟ್ ಬಂದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಆದ್ರೂ ಬಿಡಲಿಲ್ಲ, ಮೀಸಾ ಕಾಯಿದೆ ಅಡಿ ಒಳಗೇ ಇಟ್ಟುಕೊಂಡರು. ಮೀಸಾ ಅಂದ್ರೆ ವಿಚಾರಣೆಯೇ ಇಲ್ಲದೆ ಬಂಧನದಲ್ಲಿಡೋ ಕಾನೂನು. ಪೈಪರ್‌ಗೆ ತನ್ನ ಶಿಕ್ಷೆ ಇಷ್ಟು ತಿಂಗಳು ಅಂತ ಗೊತ್ತಿತ್ತು, ದಿನ ಎಣಿಸಬಹುದಿತ್ತು. ಇವರಿಗೆ ಎಣಿಸೋಕೆ ಏನೂ ಇರಲಿಲ್ಲ.

ಅವರಿಗೆ ಆಸ್ತಮಾ ಇತ್ತು. ಒಂಟಿ ಸೆಲ್‌ನಲ್ಲಿ ಇಟ್ಟರು. ಅದೇ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಆಗ ಅಡ್ವಾಣಿ, ಮಧು ದಂಡವತೆ ಎಲ್ಲ ಇದ್ರು. ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಚೀರೋದು ತಮಗೆ ಕೇಳಿಸ್ತಿತ್ತು ಅಂತ ದಂಡವತೆ ಆಮೇಲೆ ಬರೆದಿದ್ದಾರೆ. ಆ ಒಂದು ಮಾತು ಓದಿದ ದಿನ ನಾನು ಎಪಿಸೋಡ್ ಮುಂದುವರಿಸೋಕೆ ಆಗದೆ ಫೋನ್ ಬ್ಯಾಗಿಗೆ ಹಾಕಿದೆ.

ಒಳಗೆ ಇದ್ದಷ್ಟು ದಿನ ಅವರು ಡೈರಿ ಬರೆದ್ರು. ಅದರಲ್ಲಿ ಬರೀ ತಮ್ಮ ಕಷ್ಟ ಇಲ್ಲ. ಪಕ್ಕದ ಹೆಂಗಸರಿದ್ದಾರೆ. ಯಾವ ಪೇಪರಲ್ಲೂ ಹೆಸರು ಬರದ, ರಾಜಕೀಯಕ್ಕೂ ತಮಗೂ ಸಂಬಂಧವೇ ಇಲ್ಲದ ಸಾಮಾನ್ಯ ಕೈದಿಗಳು. ಅವರಿಗೆ ಹೊಡೀತಿದ್ದದ್ದನ್ನ ಸ್ನೇಹಲತಾ ವಿರೋಧಿಸಿದರು, ಊಟ ಸರಿಯಾಗಿ ಕೊಡಿ ಅಂತ ಜಗಳ ಆಡಿದರು. ನೋಡಿ, ಇಲ್ಲೂ ಊಟದ ಜಗಳವೇ. ಸೀರೀಸ್‌ನಲ್ಲಿ ಪೈಪರ್ ತನ್ನ ತಟ್ಟೆಗಾಗಿ ಒದ್ದಾಡ್ತಾಳೆ. ಇಲ್ಲಿ ಉಸಿರಾಡೋಕೇ ಕಷ್ಟಪಡ್ತಿದ್ದ ಒಬ್ಬರು ಬೇರೆಯವರ ತಟ್ಟೆಗಾಗಿ ಕೇಳ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ‘ಆರೆಂಜ್...’ ಮಾಡಿದ ಜೆಂಜಿ ಕೋಹನ್, ಪೈಪರ್ ತನ್ನ ಟ್ರೋಜನ್ ಕುದುರೆ ಅಂದಿದ್ದರು. ಬಡ ಹೆಂಗಸರ ಕಥೆ ಅಂತ ನೇರವಾಗಿ ಹೋದ್ರೆ ಚಾನೆಲ್‌ನವರು ದುಡ್ಡು ಹಾಕಲ್ಲ, ಅದಕ್ಕೆ ಬಿಳಿ ಹುಡುಗಿಯನ್ನ ಮುಂದಿಟ್ಟು ಉಳಿದವರನ್ನ ಒಳಗೆ ಸೇರಿಸಿದೆ ಅನ್ನೋ ಅರ್ಥದಲ್ಲಿ. ಇತಿಹಾಸದಲ್ಲೂ ಹಾಗೇ ಆಗಿದೆ ಅನ್ನಿಸುತ್ತೆ ನನಗೆ. 1976ರಲ್ಲಿ ಆ ವಾರ್ಡಿನಲ್ಲಿ ಏನಾಯ್ತು ಅಂತ ನಮಗೆ ಇವತ್ತು ಗೊತ್ತಿರೋದು ಓದುಬರಹ ಬಲ್ಲ, ಹೊರಗೆ ಹೆಸರಿದ್ದ ಒಬ್ಬ ನಟಿ ಅಲ್ಲಿ ಇದ್ದದ್ದರಿಂದ. ಅವರ ಹಿಂದಿನ ವರ್ಷ ಅಲ್ಲಿದ್ದವರು? ಅವರ ನಂತರ ಬಂದವರು? ಅವರಿಗೆ ಫ್ಲ್ಯಾಷ್‌ಬ್ಯಾಕ್ ಎಪಿಸೋಡ್ ಇಲ್ಲ. ಹಿಂದಿಯಲ್ಲಿ 2020ರಲ್ಲಿ ಬಂದ ‘ಕ್ರಿಮಿನಲ್ ಜಸ್ಟಿಸ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್’ ನೋಡಿದವರು, ಅನು ಜೈಲಲ್ಲೇ ಹೆರೋ ಭಾಗ ನೆನಪು ಮಾಡ್ಕೊಳ್ಳಿ. ಅದು ಕಟ್ಟುಕಥೆ, ಆದ್ರೆ ಸುಳ್ಳಲ್ಲ. ತಾಯಿ ಜೈಲಲ್ಲಿದ್ರೆ ಆರು ವರ್ಷದವರೆಗೆ ಮಗು ಜೊತೆಗಿರಬಹುದು ಅಂತ 2006ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂದ್ರೆ ಅಂಗನವಾಡಿ ವಯಸ್ಸನ್ನ ಪೂರ್ತಿ ಗೋಡೆ ಒಳಗೇ ಕಳೆಯೋ ಮಕ್ಕಳಿದ್ದಾರೆ.

1977ರ ಜನವರಿ 15ರಂದು ಸ್ನೇಹಲತಾ ಅವರನ್ನ ಪೆರೋಲ್ ಮೇಲೆ ಬಿಟ್ಟರು, ಆರೋಗ್ಯ ಪೂರ್ತಿ ಕೆಟ್ಟಮೇಲೆ. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದ್ರು. 20ರಂದು ಸ್ನೇಹಲತಾ ತೀರಿಕೊಂಡರು. ಡೈರಿ ಅದೇ ವರ್ಷ ಪುಸ್ತಕವಾಯ್ತು.

5/5

ಫೋಟೋದಲ್ಲಿರೋ ಕಾವಲು ಗೋಪುರ ಆ ಜೈಲಿನದ್ದೇ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದಮೇಲೆ ಆ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯ್ತು. ನಮ್ಮ ಟ್ರೈನ್ ಇಳಿದು ಮೆಜೆಸ್ಟಿಕ್‌ನಿಂದ ಆನಂದರಾವ್ ಸರ್ಕಲ್ ಕಡೆ ನಡೆದ್ರೆ ಅರ್ಧ ಗಂಟೆಯ ದಾರಿ. ಇರೋದು ಶೇಷಾದ್ರಿ ರಸ್ತೆಯಲ್ಲಿ. ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟ್ ತರೋ ಕೆಲಸ ಶುರು ಮಾಡಿಸಿದ ದಿವಾನರ ಹೆಸರು ಅದು. ಪಾಪ, ನಮ್ಮೂರಲ್ಲಿ ದೀಪ ಹತ್ತೋ ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು.

ನಾನು ಹೋದಾಗ ಒಳಗೆ ಇಬ್ಬರು ಹುಡುಗರು ಹಳೇ ಬ್ಯಾರಕ್ ಮುಂದೆ ರೀಲ್ಸ್ ಮಾಡ್ತಿದ್ರು. ಬೈಯೋಕೆ ಮನಸ್ಸು ಬರಲಿಲ್ಲ, ನಾನೂ ಫೋಟೋ ತೆಗೆಯೋಕೇ ಹೋದವನು. ಈಗ ಬೆಂಗಳೂರಲ್ಲಿ ಧರಣಿ ಅಂದ್ರೆ ಇದೇ ಜಾಗ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಹಗಲು ರಾತ್ರಿ ಕೂತದ್ದು ಇಲ್ಲೇ, ಸ್ನೇಹಲತಾ ಅವರನ್ನ ಹೊರಗೆ ಬಿಟ್ಟ ಅದೇ ತಿಂಗಳಲ್ಲಿ.

‘ಸಂಸ್ಕಾರ’ ಇನ್ನೂ ನೋಡಿಲ್ಲದವರು ನೋಡಿ, ಚಂದ್ರಿ ತನ್ನ ಒಡವೆ ಬಿಚ್ಚಿ ಆಚಾರ್ಯರ ಮುಂದೆ ಇಡೋ ದೃಶ್ಯ ಬಂದಾಗ ನನಗೆ ಮೆಸೇಜ್ ಮಾಡಿ. ಡೈರಿ ಸಿಕ್ಕವರು ನನಗೂ ಓದೋಕೆ ಕೊಡಿ, ಒಂದು ವಾರದಲ್ಲಿ ವಾಪಸ್ ಕೊಡ್ತೀನಿ, ಬಂಗಾರಪೇಟೆ ಸ್ಟೇಷನ್‌ನಲ್ಲೇ.