ರಾಜೇಶ್ವರಿ ಗಾಯಕವಾಡ
ಭಾರತದ ಎಡಗೈ ಸ್ಪಿನ್ ಬೌಲರ್. ಜನನ 1991ರ ಜೂನ್ 1, ವಿಜಯಪುರ. ಈ ಬಿಸಿಲುನಾಡಿನಿಂದ ಭಾರತ ತಂಡಕ್ಕೇರುವುದು ಸಣ್ಣ ಮಾತಲ್ಲ. 2014ರಲ್ಲಿ ಶ್ರೀಲಂಕಾ ವಿರುದ್ಧ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಪದಾರ್ಪಣೆ. ದೇಶೀಯ ಕ್ರಿಕೆಟ್‌ನಲ್ಲಿ ರೈಲ್ವೇಸ್ ಪರವೂ ಆಡಿದ್ದಾರೆ.

ಮನೆಮಾತಾದದ್ದು 2017ರ ವಿಶ್ವಕಪ್‌ನಲ್ಲಿ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ, 7.3 ಓವರುಗಳಲ್ಲಿ 15 ರನ್ನಿಗೆ 5 ವಿಕೆಟ್ ಕಿತ್ತರು. ಎದುರಾಳಿ 79ಕ್ಕೆ ಕುಸಿಯಿತು. ಭಾರತಕ್ಕೆ 186 ರನ್ನುಗಳ ಜಯ, ಸೆಮಿಫೈನಲ್ ಪ್ರವೇಶ. ಲಾರ್ಡ್ಸ್ ಫೈನಲ್‌ನಲ್ಲಿ ಇಂಗ್ಲೆಂಡಿಗೆ 9 ರನ್ನುಗಳಿಂದ ಸೋತ ತಂಡದಲ್ಲೂ ಆಡಿದರು.

ಊರಿಗೆ ಮರಳಿದಾಗ ಬಹುಮಾನವಾಗಿ ಬಂದ ಕಾರನ್ನು ಒಲ್ಲೆನೆಂದು, ಕುಟುಂಬಕ್ಕೊಂದು ಮನೆ ಬೇಕೆಂದು ಕೇಳಿದರು. ಆ ನೇರ ಮಾತೂ ಅವರ ಜನಪ್ರಿಯತೆಗೆ ಕಾರಣ. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಯುಪಿ ವಾರಿಯರ್ಸ್ 40 ಲಕ್ಷ ರೂಪಾಯಿಗೆ ಅವರನ್ನು ಕೊಂಡಿತು.